ಬಾಲ ಮುರಿದ ಸಿಗಡಿ

ಹನ್ನೆರಡು ವರ್ಷ ಐಸ್ ನೀರಿನಲ್ಲಿ ನೆಂದು ಜಲೋನಳ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಸಿಗಡಿಯ ತಲೆ ಕೀಳು, ಸಿಪ್ಪೆ ಸುಲಿ, ಬೆನ್ನಿನ ಕರಿ ನರ ಎಳೆ. ಬೆಳಗ್ಗೆಯಿಂದ ಸಂಜೆಯವರೆಗೆ ಇದೇ. ಥಾಯ್ ಬಂದರೂರು ಮಹಾಚೈನ ಆ ಷೆಡ್ಡಿನಲ್ಲಿ ನಿಂತೇ ದುಡಿಯುವ ನಲವತ್ತು ಹೆಂಗಸರೂ ನೆರೆಯ ದೇಶದಿಂದ ಗಡಿ ದಾಟಿ ಬಂದ ಮೋನ್ ಜನ. ಥಾಯ್ ಮಾತು ಬೈಗುಳ ಅರ್ಥವಾಗುವಷ್ಟು ಬರುತ್ತಿತ್ತು; ಓದಲು ಒಬ್ಬರಿಗೂ ಬಾರದು. ಕಂಪನಿ ವರ್ಷಕ್ಕೊಮ್ಮೆ ಕಾಗದ ತಂದು ಹೆಬ್ಬೆಟ್ಟು ಒತ್ತಿ ಎನ್ನುತ್ತಿತ್ತು, ಒತ್ತುತ್ತಿದ್ದರು. ಅದರಲ್ಲಿ ಏನು ಬರೆದಿದೆಯೆಂದು ಓದಿ ಹೇಳುವವಳೊಬ್ಬಳು ತನ್ನ ಮನೆಯಲ್ಲಿ ಬೆಳೆಯಬೇಕು ಎಂಬುದೊಂದೇ ಜಲೋನಳ ಆಸೆ. ಒಂಬತ್ತು ವರ್ಷದ ಮಗಳು ಪಕಾವಳನ್ನು ಶಾಲೆಗೆ ಹಾಕಿದ್ದು ಅದಕ್ಕೇ.

ಶಾಲೆಯೂ ಕಂಪನಿಯದೇ. ಷೆಡ್ಡಿನ ಹಿಂದೊಂದು ತಗಡಿನ ಕೋಣೆ, ಒಬ್ಬರು ಟೀಚರ್, ಮಗುವಿಗೊಂದು ಟ್ಯಾಬ್.

"ಇವತ್ತೇನ್ ಕಲಿಸಿದ್ರೇ?"

"ಸಿಗಡಿ."

"ನಿನ್ನೆ?"

"ನಿನ್ನೇನೂ ಸಿಗಡಿನೇ ಕಣವ್ವ. ಚಿತ್ರ ಬರುತ್ತೆ. ಚೆನ್ನಾಗಿದ್ರೆ ಹಸಿರು ಮುಟ್ಬೇಕು, ಕೆಟ್ಟಿದ್ರೆ ಕೆಂಪು. ಹತ್ತು ಸಾವಿರ ಮುಗಿಸಿದ್ರೆ ಅಕ್ಷರದ ಪಾಠ ತೆರೆಯುತ್ತಂತೆ."

"ಸಿಗಡಿ ಕಲಿಯೋಕೆ ಸ್ಕೂಲ್ ಬೇರೆ ಕೇಡು. ನನ್ ಟೇಬಲ್ ಪಕ್ಕ ನಿಂತಿದ್ರೆ ಸಾಕಿತ್ತಲ್ಲ," ಎಂದು ಜಲೋನ್ ನಕ್ಕಳು. ಮಗಳೇ ಎಲ್ಲರಿಗಿಂತ ಮುಂದಿದ್ದಾಳೆಂದು ಟೀಚರ್ ಹೇಳಿದಾಗ ಹಿಗ್ಗಿದಳು ಕೂಡ. ಶಾಲೆಯ ಮೆಟ್ಟಿಲು ಹತ್ತದವಳಿಗೆ ಪಾಠ ಹೇಗಿರಬೇಕೆಂದು ಗೊತ್ತಿರುವುದಾದರೂ ಹೇಗೆ?

ಮಳೆಗಾಲ ಮುಗಿಯುವ ಹೊತ್ತಿಗೆ, ಹೆಂಗಸರೇ ಕಣ್ಣಳತೆಯಲ್ಲಿ ಮಾಡುತ್ತಿದ್ದ ಆರಿಸುವ ಕೆಲಸಕ್ಕೆ ಷೆಡ್ಡಿಗೆ ಒಂದು ಯಂತ್ರ ಬಂತು. ಸುಲಿದ ಸಿಗಡಿ ಬೆಲ್ಟಿನ ಮೇಲೆ ಸಾಗುತ್ತದೆ, ಯಂತ್ರ ನೋಡುತ್ತದೆ, ಕೆಟ್ಟದ್ದನ್ನು ಗಾಳಿ ಊದಿ ಕಸಕ್ಕೆ ತಳ್ಳುತ್ತದೆ. ಹೆಂಗಸರು ಕೆಲಸ ಮಾಡುತ್ತಲೇ ಕಣ್ಣಂಚಿನಲ್ಲಿ ನೋಡಿದರು. ಯಂತ್ರ ಚೆನ್ನಾಗಿಯೇ ಆರಿಸುತ್ತಿತ್ತು. ಆದರೆ ಬಾಲ ಮುರಿದದ್ದನ್ನೆಲ್ಲ ಒಂದೂ ಬಿಡದೆ ಕಸಕ್ಕೆ ಊದುತ್ತಿತ್ತು.

ಎಂಜಿನಿಯರ್ ತಲೆ ಕೆರೆದುಕೊಂಡ. "ಬಾಲ ಮುರಿದ್ರೇನು, ಮಾಲು ಒಳ್ಳೇದೇ ತಾನೆ? ಇದಕ್ಕೆ ಹೀಗೆ ಕಲಿಸಿದವರು ಯಾರ್ರೀ?"

"ಸ್ಕೂಲ್ ಮಕ್ಕಳು ಸಾರ್, ಟ್ಯಾಬ್‌ನಲ್ಲಿ," ಎಂದ ಮೇಲ್ವಿಚಾರಕ ಉದೋಮ್. ಹೇಳಿದವನು ಅಲ್ಲಿಗೇ ನಿಂತು ಮೆಲ್ಲಗೆ ಹೆಂಗಸರ ಕಡೆ ತಿರುಗಿದ. "ಮಕ್ಕಳಿಗೆ ಕಲಿಸಿದವರು?"

ಹೆಂಗಸರ ಕೈಗಳು ಇನ್ನೂ ಬೇಗಬೇಗ ಸುಲಿಯತೊಡಗಿದವು. ಒಳ್ಳೆಯದೆಂದು ಗೊತ್ತಿದ್ದೂ ಬಾಲ ಮುರಿದದ್ದನ್ನು ಕಸದ ಬಕೆಟ್ಟಿಗೆ ಹಾಕುವುದು ಷೆಡ್ಡಿನ ಹೆಂಗಸರ ಹಳೆಯ ರೂಢಿ. ಕಸ ಮನೆಗೆ ಒಯ್ದರೆ ಕಂಪನಿಯ ತಕರಾರಿರಲಿಲ್ಲ. ಮಕ್ಕಳ ತಟ್ಟೆಯ ಸಾರು ಆ ಬಕೆಟ್ಟಿನದೇ. ಮುರಿದ ಬಾಲ ಅಂದರೆ ಕಸ ಎಂದು ಮಕ್ಕಳು ಬೆಳೆದದ್ದೇ ಹಾಗೆ.

ಪಕ್ಕದ ಟೇಬಲ್ಲಿನ ಒಂಡೈ ಪಿಸುಗುಟ್ಟಿದಳು: "ಅಕ್ಕಾ, ನಮ್ಮ ಮಕ್ಕಳ ಕೈಲೇ ನಮ್ಮ ಅನ್ನಕ್ಕೆ ಮಣ್ಣು ಹಾಕಿಸಿದ್ರಲ್ಲೇ."

ಜಲೋನಳಿಗೆ ಈಗ ಅರ್ಥವಾಯಿತು. ಅಕ್ಷರ ಕೇಳಿದ ಮಗುವಿನಿಂದ ವರ್ಷವಿಡೀ ಚಾಕರಿ ಮಾಡಿಸಿಕೊಂಡಿದ್ದರು. ಅದೂ ತಾಯಿಯನ್ನು ಹೊರಹಾಕುವ ಚಾಕರಿ.

ಮೂರನೆಯ ದಿನ ಸಂಜೆ ಪಕಾವ್ ಸಪ್ಪೆ ಮೋರೆ ಹಾಕಿಕೊಂಡು ಬಂದಳು.

"ಹೊಸ ಪಾಠ ಕೊಟ್ರವ್ವ."

"ಅಕ್ಷರದ್ದಾ?"

"ಅಲ್ಲ. ಕೈ. ನಿಮ್ಮ ಟೇಬಲ್ ಮೇಲೆ ಈಗ ಹಾಕಿದಾರಲ್ಲ, ಆ ಕ್ಯಾಮರಾದ ಚಿತ್ರ. ನೆಟ್ಟಗೆ ಕೆಲಸ ಮಾಡೋ ಕೈಗೆ ಹಸಿರು, ಒಳ್ಳೇ ಸಿಗಡಿನ ಕಸದ ಬಕೆಟ್ಟಿಗೆ ಹಾಕಿ ಕದಿಯೋ ಕೈಗೆ ಕೆಂಪು. ಮುಖ ಕಾಣಲ್ಲ. ಆದ್ರೆ ನಿನ್ ಕೈ ನಂಗೆ ಗೊತ್ತಾಗಲ್ವಾ? ಎಲ್ಲಾರಿಗೂ ಅವರವರ ಅವ್ವನ ಕೈ ಗೊತ್ತಾಯ್ತು. ಯಾರೂ ಏನೂ ಮುಟ್ಲಿಲ್ಲ."

ಜಲೋನ್ ಗೋಡೆಗೆ ಒರಗಿದಳು.

"ನಾಳೆ ಕೆಂಪು ಹುಡುಕಿದವರಿಗೆ ನಾಳೆನೇ ಅಕ್ಷರ ತೆರೀತಾರಂತೆ. ಉದೋಮ್ ಹೇಳ್ದ." ಪಕಾವ್ ದನಿ ಇಳಿಸಿದಳು. "ಅವ್ವಾ, ನಿನ್ ಕೈ ಬಿಟ್ಟು ಒಂಡೈ ಚಿಕ್ಕಮ್ಮಂದು ಮಾತ್ರ ಮುಟ್ಲಾ?"

ಹೂಂ ಎನ್ನುವುದು ಎಷ್ಟು ಸುಲಭವಿತ್ತು. ಜಲೋನಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು, ಯಾಕೆಂದರೆ ಆ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಬೇಡ ಮಗಾ. ಯಾರ ಕೈ ಬಂದ್ರೂ ಹಸಿರೇ ಮುಟ್ಟು."

"ಅಕ್ಷರ?"

"ಹಸಿರೇ ಮುಟ್ಟು ಅಂದೆ."

ಅವಳು ಚಪ್ಪಲಿ ಮೆಟ್ಟಿ ಹೊರಟಳು. ಮೊದಲು ಒಂಡೈಯ ಬಾಗಿಲು ತಟ್ಟಿದಳು. ಆಮೇಲೆ ಇಬ್ಬರೂ ಸೇರಿ ಸಾಲುಮನೆಯ ಉಳಿದ ಬಾಗಿಲುಗಳನ್ನು ತಟ್ಟಿದರು.

ಮರುದಿನ ಇಡೀ ಕ್ಲಾಸು ಹಸಿರು ಮುಟ್ಟಿತು. ಟೀಚರ್ ಕಂಡೂ ಕಾಣದವರ ಹಾಗೆ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು. ಹನ್ನೊಂದು ಗಂಟೆಗೆ ಉದೋಮ್ ಟ್ಯಾಬ್‌ಗಳನ್ನು ಕಿತ್ತುಕೊಂಡು, ಮಕ್ಕಳನ್ನು ಹೊರಗಟ್ಟಿ, ಕೋಣೆಗೆ ಬೀಗ ಜಡಿದ. ಮಕ್ಕಳು ಮನೆಗೆ ಹೋಗಲಿಲ್ಲ. ಷೆಡ್ಡಿನ ಬಾಗಿಲಿಗೆ ಬಂದು, ಅಳದೆ, ಸಾಲಾಗಿ ನಿಂತವು.

ಜಲೋನ್ ಮೊದಲು ನೋಡಿದಳು. ಆಮೇಲೆ ಒಂಡೈ ನೋಡಿದಳು. ಒಳಗೆ ಯಂತ್ರ ಓಡುತ್ತಲೇ ಇತ್ತು. ನಲವತ್ತು ಹೆಂಗಸರು ಒಬ್ಬೊಬ್ಬರಾಗಿ ನೀರಿನಿಂದ ಕೈ ತೆಗೆದರು.