ಯಾವ ಸೋಡ ಅಂತ ಕೇಳಿ ತನ್ನಿ

ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿ ಬಿಡದ ಸಂಗತಿ ಒಂದಿತ್ತು. ತಾತನ ಬಾಯಿ ನಾರುತ್ತಿತ್ತು.

ತಾತ ಗಡಿಯಾರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎಪ್ಪತ್ತು ದಾಟಿದರೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಯಷ್ಟು ಚಿಕ್ಕ ತಿರುಪನ್ನು ಚಿಮಟದಲ್ಲಿ ಹಿಡಿದು ಅದರ ಜಾಗದಲ್ಲಿ ಕೂರಿಸುತ್ತಿದ್ದರು. ಎರಡು ವರ್ಷದ ಹಿಂದೆ ಪೂರ್ತಿ ಹಲ್ಲು ಕಟ್ಟಿಸಿಕೊಂಡಿದ್ದರು. ಆ ಹಲ್ಲುಸೆಟ್ಟನ್ನು ಮಲಗುವಾಗ ತೆಗೆದು ಒಂದು ಲೋಟ ನೀರಿಗೆ ಹಾಕುವುದು, ಎದ್ದ ಮೇಲೆ ಬಾಯಿಗೆ ಹಾಕಿಕೊಳ್ಳುವುದು, ಅಷ್ಟೆ. ಹುಳುಕು ಹಿಡಿಯದ ಹಲ್ಲಿಗೆ ಇನ್ನೆಂಥ ಉಪಚಾರ ಎಂದು ಅವರು ತಿಳಿದಿದ್ದರು.

ಆರು ವರ್ಷದ ಮೊಮ್ಮಗಳನ್ನು ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದರು. ಶಾಲೆಯಿಂದ ಬಂದವಳೇ ಚೀಲ ಎಸೆದು ತಾತನ ತೊಡೆ ಏರುವಳು. ನಿಂತುಹೋದ ಗಡಿಯಾರವೊಂದನ್ನು ಕಿವಿಗೆ ಹಿಡಿದುಕೊಂಡು ಕಥೆ ಕೇಳುವಳು. ಈಗ ಒಂದು ತಿಂಗಳಿಂದ ಅವಳು ಹೊಸ್ತಿಲು ದಾಟುತ್ತಿರಲಿಲ್ಲ. ತಾತ ಕರೆದರೆ, "ಇಲ್ಲಿಂದಾನೇ ಚೆನ್ನಾಗಿ ಕೇಳುತ್ತೆ ತಾತ, ನೀವು ಹೇಳಿ" ಅನ್ನುವಳು. ಅಷ್ಟು ಚಿಕ್ಕ ಹುಡುಗಿಗೂ ತಾತನ ಮನಸ್ಸು ನೋಯಿಸಬಾರದು ಎಂಬುದು ತಿಳಿದಿತ್ತು.

ತಾತನಿಗೆ ಮಾತ್ರ ಏನೂ ತಿಳಿಯಲಿಲ್ಲ. ಒಂದು ದಿನ ಊಟಕ್ಕೆ ಕುಳಿತವರು ತಟ್ಟೆಯಲ್ಲಿ ಕೈ ಆಡಿಸುತ್ತಾ ಸೊಸೆಯನ್ನು ಕೇಳಿದರು. "ಮಗು ನನ್ನ ಮೇಲೆ ಯಾಕೋ ಮುನಿಸಿಕೊಂಡಿದೆ ಕಣಮ್ಮ. ನಾನೇನಾದ್ರೂ ಗದರಿದ್ನಾ?"

ಇಲ್ಲ ಮಾವ, ಶಾಲೆಯಲ್ಲಿ ಆಡಿ ಸುಸ್ತಾಗಿರುತ್ತಾಳೆ ಎಂದು ಸೊಸೆ ಏನೋ ಹೇಳಿ ನೀರು ತರಲು ಎದ್ದುಹೋದಳು. ನಿಮ್ಮಪ್ಪನಿಗೆ ನೀವೇ ಹೇಳಿ ಎಂದು ಗಂಡನಿಗೆ ಹೇಳಿದರೆ, ಬಸ್ಸು ಓಡಿಸುವ ಆ ಮಹಾನುಭಾವ ಬಸ್ಸು ಬಿಡುವ ಹೊತ್ತಾಯಿತು ಎಂದು ಜಾರಿಕೊಂಡ. ಮಗನ ಬಾಯಿಗೇ ಬಾರದ ಮಾತು ಸೊಸೆಯ ಬಾಯಲ್ಲಿ ಹೇಗೆ ಬಂದೀತು?

ಎರಡು ಮನೆ ಆಚೆ ಆರೋಗ್ಯ ಕೇಂದ್ರದ ನರ್ಸಕ್ಕ ಇದ್ದಳು. ಸೊಸೆ ಹೋಗಿ ಅವಳ ಮುಂದೆ ಎಲ್ಲ ಹೇಳಿಕೊಂಡಳು. ನರ್ಸಕ್ಕ ನಗಲಿಲ್ಲ. ಕಟ್ಟಿಸಿದ ಹಲ್ಲಿಗೂ ಪಾಚಿ ಕಟ್ಟುತ್ತದೆ, ಅದನ್ನು ದಿನವೂ ತೊಳೆಯಬೇಕು, ನಿಮ್ಮ ಅಡುಗೆಮನೆಯಲ್ಲೇ ಅದಕ್ಕೆ ಮದ್ದಿದೆ ಎಂದು ಸಮಾಧಾನ ಹೇಳಿದಳು.

"ಆದ್ರೆ ಹಲ್ಲಿಂದ ಶುರು ಮಾಡೋದು ಬೇಡ" ಅಂದಳು. "ಲೋಟದಿಂದ ಶುರು ಮಾಡೋಣ. ಭಾನುವಾರ ಬರ್ತೀನಿ."

ಭಾನುವಾರ ಅವಳು ಬಂದು ತಾತನ ಅಂಗಡಿಗೆ ಕಾಣುವಂತೆ ಒಳಬಾಗಿಲ ಹತ್ತಿರವೇ ಕುಳಿತಳು. ಅಡುಗೆ ಸೋಡದ ಡಬ್ಬಿ ತರಿಸಿದಳು. ಚಹಾ ಕುಡಿದು ಕುಡಿದು ಒಳಗೆಲ್ಲ ಕಂದುಗಟ್ಟಿದ್ದ ಲೋಟವನ್ನು ಒದ್ದೆ ಬಟ್ಟೆಗೆ ಒಂದು ಚಿಟಿಕೆ ಸೋಡ ಹಚ್ಚಿ ಉಜ್ಜಿದಳು. ಹೊಸದರಂತಾಯಿತು. ಚಿಕ್ಕ ಬಟ್ಟಲಲ್ಲಿ ನಾಲ್ಕು ಚಮಚ ಸೋಡ ಸುರಿದು ಫ್ರಿಜ್ಜಿನ ಮೂಲೆಯಲ್ಲಿ ತೆರೆದೇ ಇಡಿಸಿದಳು. ಬಸ್ಸಿನವನ ಶೂ ಮಾತ್ರ ಕೈಗೆತ್ತಿಕೊಂಡವಳೇ ಮುಖ ಆ ಕಡೆ ತಿರುಗಿಸಿ, ಪ್ರಯಾಣಿಕರು ಪಾಪದವರು ಎಂದು ನಗಿಸಿದಳು. ಸಂಜೆ ಒಂದೊಂದು ಚಮಚ ಉದುರಿಸಿಡು, ಬೆಳಗ್ಗೆ ಕೊಡವಿ ಹಾಕು, ವಾಸನೆ ತಗ್ಗುತ್ತೆ ಎಂದಳು.

ತಾತ ಭೂತಗನ್ನಡಿ ತೆಗೆಯದೆಯೇ ಅಂದರು: "ಒಂದೇ ಪುಡಿ, ನೂರು ಕೆಲಸ. ಸಂತೆಯಲ್ಲಿ ಕೂಗಿ ಮಾರೋರ ಮಾತಿದ್ದಂಗಿದೆ."

"ನೂರು ಕೆಲಸ ಮಾಡಲ್ಲ ತಾತ" ಅಂದಳು ನರ್ಸಕ್ಕ. ಇದು ಜಿಡ್ಡು, ಕಲೆ, ವಾಸನೆ ತೆಗೆಯುತ್ತದೆಯೇ ಹೊರತು ರೋಗಾಣು ಕೊಲ್ಲುವ ಔಷಧಿ ಅಲ್ಲ. ಅಲ್ಯೂಮಿನಿಯಂ ಪಾತ್ರೆಗೆ ಹಾಕಿದರೆ ಪಾತ್ರೆ ಕಪ್ಪಾಗುತ್ತದೆ. ಮುಖಕ್ಕೆ ತಿಕ್ಕಿಕೊಂಡರೆ ಚರ್ಮ ಉರಿಯುತ್ತದೆ. ಹೊಟ್ಟೆ ಉರಿಗೆಂದು ತಮಗೆ ತಾವೇ ಕುಡಿಯುವುದು ಬೇಡ, ಅದರಲ್ಲೂ ರಕ್ತದೊತ್ತಡ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಇಷ್ಟನ್ನೂ ಮುಚ್ಚುಮರೆ ಇಲ್ಲದೆ ಹೇಳಿದಳು.

ತಾತ ಈಗ ಭೂತಗನ್ನಡಿ ತೆಗೆದು ಅವಳ ಕಡೆ ನೋಡಿದರು. ಯಾವ ಕೆಲಸ ಆಗುವುದಿಲ್ಲ ಎಂಬುದನ್ನೂ ಬಾಯಿಬಿಟ್ಟು ಹೇಳುವವರ ಮೇಲೆ ಅವರಿಗೆ ಮೊದಲಿನಿಂದಲೂ ನಂಬಿಕೆ. ಏಳುವ ಹೊತ್ತಿಗೆ ನರ್ಸಕ್ಕ ಫ್ರಿಜ್ಜಿನ ಕಡೆ ಮುಖ ಮಾಡಿಕೊಂಡು, ಕಟ್ಟಿಸಿದ ಹಲ್ಲಿಗೂ ಇದೇ ಸೋಡ ಒಳ್ಳೆಯದು ಎಂದು ಫ್ರಿಜ್ಜಿಗೇ ಹೇಳುವಂತೆ ಹೇಳಿ ಹೋದಳು.

ತಾತ ಮತ್ತೆ ಗಡಿಯಾರದ ಮೇಲೆ ಬಗ್ಗಿದರು, ಕಿವಿ ಮಾತ್ರ ಆ ಮಾತಿನ ಮೇಲೇ ಇತ್ತು.

ಮರುದಿನ ಮಧ್ಯಾಹ್ನ ಸೊಸೆ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ತಾತ ಅಂಗಡಿಯ ಬಾಗಿಲು ಎಳೆದುಕೊಂಡು ಮೂಲೆಯ ದಿನಸಿ ಅಂಗಡಿಗೆ ಹೋಗಿಬಂದರು. ಅಡುಗೆಮನೆಯ ಡಬ್ಬಿ ಮುಟ್ಟಿದರೆ ಸೊಸೆಗೆ ತಿಳಿಯುತ್ತದಲ್ಲ, ಅದಕ್ಕೆ. ಅಲ್ಲಿ ಕೇಳಿದ್ದು ಎರಡೇ ಮಾತು: "ಸೋಡ ಕೊಡಪ್ಪ." ಯಾವ ಸೋಡ ಎಂದು ಅಂಗಡಿಯವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಸೊಸೆ ಕೆಳಗೆ ಬಂದಾಗ ಕೈತೊಳೆಯುವ ತೊಟ್ಟಿಯ ಪಕ್ಕ ಒಂದು ಲೋಟ, ಲೋಟದೊಳಗೆ ಹಲ್ಲುಸೆಟ್ಟು, ಪಕ್ಕದಲ್ಲಿ ಹರಿದ ಪೊಟ್ಟಣ. ತಾತ ಸೆಟ್ಟನ್ನು ಎತ್ತಿ ಹಾಗೆಯೇ ಬಾಯಿಗೆ ಒಯ್ಯುತ್ತಿದ್ದರು. ಪೊಟ್ಟಣದ ಮೇಲೆ ಅಂಗಿಯ ಚಿತ್ರವಿತ್ತು.

"ಮಾವ, ಬಾಯಿಗೆ ಹಾಕ್ಬೇಡಿ."

ಆ ಮನೆಗೆ ಬಂದ ಎಂಟು ವರ್ಷದಲ್ಲಿ ಅವಳು ಮಾವನ ಎದುರು ದನಿ ಎತ್ತಿದ್ದು ಅದೇ ಮೊದಲು. ತಾತನ ಕೈ ಅಲ್ಲೇ ನಿಂತಿತು. ಅವಳು ಸೆಟ್ಟನ್ನು ಕಸಿದುಕೊಂಡು ನಲ್ಲಿಯ ಕೆಳಗೆ ಹಿಡಿದಳು. ಅವರ ಕೈಯನ್ನೂ ಚೆನ್ನಾಗಿ ತೊಳೆಸಿ, ನರ್ಸಕ್ಕನನ್ನು ಕರೆತಂದಳು.

ನರ್ಸಕ್ಕ ಪೊಟ್ಟಣ ನೋಡಿ ನಿಟ್ಟುಸಿರು ಬಿಟ್ಟಳು. "ಇದು ಬಟ್ಟೆ ಸೋಡ ತಾತ. ಕೊಳೆ ಬಟ್ಟೆ ನೆನೆಸೋದಕ್ಕೆ. ವಸಡಿಗೆ ತಗುಲಿದ್ರೆ ಸುಟ್ಟುಬಿಡೋದು. ಅಂಗಡೀಲಿ ಸೋಡ ಅಂದ್ರೆ ಕುಡಿಯೋದೂ ಇದೆ, ಅಡುಗೇದೂ ಇದೆ, ಬಟ್ಟೇದೂ ಇದೆ. ಬರೀ ಸೋಡ ಅಂತ ಕೇಳಿದ್ರೆ ಅವನ ಕೈಗೆ ಸಿಕ್ಕಿದ್ದು ನಿಮ್ಮ ಬಾಯಿಗೆ."

ತಾತ ಬೊಚ್ಚುಬಾಯಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದರು. ಸೊಸೆಯ ಕಡೆ ತಿರುಗಿದರು. "ನನ್ನ ಬಾಯಿ ನಾರ್ತಿತ್ತಾ ತಾಯಿ?"

ಸೊಸೆ ನೆಲ ನೋಡಿದಳು. "ಸ್ವಲ್ಪ, ಮಾವ."

"ಅದಕ್ಕೇನಾ ಮಗು ಹೊಸ್ತಿಲಲ್ಲಿ ಕೂರೋದು?"

ಅವಳು ತಲೆಯಾಡಿಸಿದಳು.

"ಗಿರಾಕಿ ಗಡಿಯಾರ ಹತ್ತು ನಿಮಿಷ ಹಿಂದೆ ಓಡ್ತಿದ್ರೆ ಹೇಳದೆ ಕಳಿಸ್ತೀನಾ ನಾನು?" ಅಂದರು ತಾತ. "ಹೇಳಬೇಕಿತ್ತು ಕಣಮ್ಮ. ಒಂದು ತಿಂಗಳು ಸುಮ್ಮನೆ ಕಳಕೊಂಡೆ." ಆಮೇಲೆ ಅವರೇ ನಕ್ಕರು. ಹಲ್ಲಿಲ್ಲದ ಆ ನಗು ಎಷ್ಟು ಚೆನ್ನಾಗಿತ್ತೆಂದರೆ ಸೊಸೆಯೂ ಕಣ್ಣೊರೆಸಿಕೊಂಡು ನಕ್ಕಳು.

ನರ್ಸಕ್ಕ ಸರಿಯಾದ ಕ್ರಮ ತೋರಿಸಿದಳು. ಒಂದು ಬಟ್ಟಲು ಉಗುರುಬೆಚ್ಚಗಿನ ನೀರು, ಒಂದು ಚಿಕ್ಕ ಚಮಚ ಅಡುಗೆ ಸೋಡ, ಇಪ್ಪತ್ತು ನಿಮಿಷ. ಕುದಿಯುವ ನೀರು ಬೇಡ, ಸೆಟ್ಟು ಸೊಟ್ಟಗಾಗುತ್ತೆ. ಒಣಪುಡಿ ಹಾಕಿ ಉಜ್ಜುವುದೂ ಬೇಡ, ಗೀರು ಬೀಳುತ್ತೆ. ನೆನೆದ ಮೇಲೆ ಮೆತ್ತನೆ ಬ್ರಷ್ಷಿನಲ್ಲಿ ತಿಕ್ಕಿ, ಚೆನ್ನಾಗಿ ತೊಳೆದೇ ಬಾಯಿಗೆ. ವಸಡು, ನಾಲಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬೇಕು. ಬೇಕಾದರೆ ಒಂದು ಲೋಟ ನೀರಿಗೆ ಅರ್ಧ ಚಮಚ ಸೋಡ ಕದಡಿ ಬಾಯಿ ಮುಕ್ಕಳಿಸಬಹುದು; ಮುಕ್ಕಳಿಸಿ ಉಗಿಯಬೇಕು, ನುಂಗಬಾರದು. ಇಷ್ಟಾದರೂ ವಾಸನೆ ಹೋಗದಿದ್ದರೆ ಸೋಡವನ್ನು ನೆಚ್ಚಿ ಕೂರಬಾರದು, ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು.

ತಾತ ಆ ವಾರವೇ ಡಾಕ್ಟರ ಹತ್ತಿರವೂ ಹೋದರು. ಎರಡು ವರ್ಷದಿಂದ ಕಲ್ಲಾಗಿ ಕೂತಿದ್ದ ಪಾಚಿಯನ್ನು ಡಾಕ್ಟರು ಯಂತ್ರದಲ್ಲಿ ತೆಗೆದರು. ಅದು ಸೋಡದಿಂದ ಹೋಗುವಂಥದ್ದಲ್ಲವಂತೆ. ಮುಂದೆ ಕಟ್ಟದಂತೆ ನೋಡಿಕೊಳ್ಳುವುದು ತಾತನ ಕೆಲಸ. ಅಂಗಡಿಯಲ್ಲಿ ಹನ್ನೊಂದು ಗಡಿಯಾರಗಳಿದ್ದ ಮೇಲೆ ಕೇಳಬೇಕೆ? ಇಪ್ಪತ್ತು ನಿಮಿಷ ಎಂದರೆ ಇಪ್ಪತ್ತೇ ನಿಮಿಷ. ಅಷ್ಟು ಹೊತ್ತಿನಲ್ಲಿ ಬಂದ ಗಿರಾಕಿಗೆ ಕೈಸನ್ನೆಯಲ್ಲೇ ಉತ್ತರ.

ಗುಬ್ಬಿಯನ್ನು ಅವರು ಕರೆಯಲಿಲ್ಲ. ತಮ್ಮ ಪಾಡಿಗೆ ಕೆಲಸ ಮಾಡುತ್ತಾ ಕಥೆ ಹೇಳತೊಡಗಿದರು. ಮೊದಲ ದಿನ ಅವಳು ಹೊಸ್ತಿಲಲ್ಲೇ ಇದ್ದಳು. ಮೂರನೆಯ ದಿನ ಸ್ಟೂಲಿಗೆ ಬಂದಳು. ಐದನೆಯ ದಿನ ಹತ್ತಿರ ಬಂದು ನಿಂತು ಡಾಕ್ಟರಂತೆ ಗಂಭೀರವಾಗಿ, "ತಾತ, ಬಾಯಿ ತೆಗೀರಿ" ಅಂದಳು. ತಾತ ತೆಗೆದರು. ಅವಳು ಬಗ್ಗಿ ನೋಡಿದಳು, ಮೂಸಿದಳು.

"ಹೂಂ" ಎಂದು ಗುಬ್ಬಿ ತೊಡೆ ಹತ್ತಿ ಕುಳಿತಳು. "ಆಮೇಲೆ ಏನಾಯ್ತು?"

ಓದುವ ಅಕ್ಕಂದಿರೇ, ಅಣ್ಣಂದಿರೇ, ಅಡುಗೆ ಸೋಡ ದುಬಾರಿಯದಲ್ಲ, ದೂರದ್ದೂ ಅಲ್ಲ. ಅಂಗಡಿಯಲ್ಲಿ ಪೂರ್ತಿ ಹೆಸರು ಹೇಳಿ ಕೊಳ್ಳಿ, ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿ ನೋಡಿ. ಬಟ್ಟೆ ಸೋಡವನ್ನು ಬೇರೆ ಡಬ್ಬಿಯಲ್ಲಿ, ಹೆಸರು ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ನಿಮ್ಮ ಮನೆಯಲ್ಲಿ ಹಲ್ಲು ಕಟ್ಟಿಸಿಕೊಂಡ ಹಿರಿಯರಿದ್ದರೆ ಇವತ್ತೇ ಅವರ ಪಕ್ಕ ಕುಳಿತು, ಮೆಲ್ಲಗೆ ವಿಷಯ ತೆಗೆಯಿರಿ. ಕೇಳಿ ಬೇಸರವಾದರೆ ಒಂದು ಗಳಿಗೆ ಆದೀತು. ಹೇಳದೆ ಬಿಟ್ಟರೆ, ಯಾರೂ ಯಾಕೆ ಹತ್ತಿರ ಬರುತ್ತಿಲ್ಲ ಎಂದು ಅವರು ಒಬ್ಬರೇ ಕೊರಗುತ್ತಾರೆ.