ಮಗ್ಗುಲು ಹಿಡಿದ ಕೈ

ದೀಕ್ಷೆಗೆ ನೀರಲ್ಲಿ ಮುಳುಗಿಸುವ ಕ್ರೈಸ್ತ ಸಭೆಯ ಹಿರಿಯರಿಗೆ ಲಕ್ವ ಹೊಡೆದ ಸುದ್ದಿ ಊರಿನ ಎರಡೂ ಸಭೆಯವರಿದ್ದ ಮೊಬೈಲಿನ ಗುಂಪಿಗೆ ಬಂದಾಗ, ಗಡಿಯಾರ ರಿಪೇರಿಯವನು ಅದರ ಕೆಳಗೆ ‘ಸುಳ್ಳು ಬೋಧಿಸಿದ ಬಾಯನ್ನು ದೇವರೇ ಮುಚ್ಚಿಸಿದ’ ಎಂದು ಬರೆದ. ನೂರ ಹನ್ನೆರಡು ಮಂದಿ ಮೆಚ್ಚುಗೆ ಒತ್ತಿದರು. ಹಿರಿಯರ ಹೆಂಡತಿಯೂ ಅದನ್ನು ಓದಿದರು.

ಮೂರು ವರ್ಷದಿಂದ ಇಬ್ಬರಿಗೂ ಮೊಬೈಲಿನಲ್ಲೇ ಕುಸ್ತಿ. ದೀಕ್ಷಾಸ್ನಾನಕ್ಕೆ ಹಣೆಯ ಮೇಲೆ ನೀರು ಚಿಮುಕಿಸಿದರೆ ಸಾಕು ಎಂಬುದು ಗಡಿಯಾರದವನ ಸಭೆಯ ಮಾತು. ಆಳನ್ನು ಪೂರ್ತಿ ಮುಳುಗಿಸಿ ಎತ್ತಬೇಕು ಎಂಬುದು ಹಿರಿಯರ ಸಭೆಯ ಹಟ. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ, ಅವನು ಬೈಬಲಿನ ವಾಕ್ಯದ ಮೇಲೆ ವಾಕ್ಯ ಎಸೆಯುತ್ತಿದ್ದ. ಲಾರಿ ಓಡಿಸಿ ನಿವೃತ್ತರಾದ ಹಿರಿಯರು ಅದರ ಎರಡರಷ್ಟು ತಿರುಗಿ ಎಸೆಯುತ್ತಿದ್ದರು. ಇಬ್ಬರ ಮನೆಗಳ ನಡುವೆ ನಾಲ್ಕೇ ಬೀದಿ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಗಡಿಯಾರದವನ ತಂಗಿಯನ್ನು ಊರೆಲ್ಲ ‘ಸ್ನಾನದಕ್ಕ’ ಎನ್ನುತ್ತಿತ್ತು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ತೊಳೆದು ಬರುವುದು ಅವಳ ಕೆಲಸ. ಅವಳು ವಾದಕ್ಕೆ ಇಳಿದವಳೇ ಅಲ್ಲ. ಅಣ್ಣನಿಗೆ ‘ವಕೀಲಣ್ಣ’ ಎಂದು ಹೆಸರಿಟ್ಟು ಸುಮ್ಮನಾಗಿದ್ದಳು. ಲಕ್ವದ ಸುದ್ದಿ ಬಂದ ಕೆಲವು ವಾರಗಳ ಮೇಲೆ, ಒಂದು ಬೆಳಗ್ಗೆ ಅಂಗಡಿಗೆ ಬಂದು ನಿಂತಳು.

“ವಕೀಲಣ್ಣ, ಒಂದು ಗಂಟೆ ಬೀಗ ಹಾಕು.”

“ಯಾಕೆ?”

“ಜೊತೆಗೆ ಬರೋಳು ಮಗಳ ಹೆರಿಗೆಗೆ ಹೋಗಿದಾಳೆ. ಆಳನ್ನ ಹೊರಳಿಸಿ ಮಗ್ಗುಲಲ್ಲಿ ಹಿಡ್ಕೊಳ್ಳೋಕೆ ಇನ್ನೆರಡು ಕೈ ಬೇಕು. ಬೆನ್ನಲ್ಲಿ ಹುಣ್ಣಾಗಿದೆ. ಹೀಗೇ ಬಿಟ್ರೆ ಎಲುಬಿಗೆ ಇಳಿಯುತ್ತೆ.”

“ಯಾರಿಗೆ?”

ಅವಳು ಹೇಳಿದಳು. ಅವನು ಚಿಮಟವನ್ನು ಕೆಳಗಿಟ್ಟ.

“ಅವರ ಸಭೇಲಿ ಗಂಡಸರು ಯಾರೂ ಇಲ್ವಾ?”

“ಬೇಕಾದಷ್ಟು ಇದಾರೆ. ಎಲ್ಲರೂ ನಿನಗೆ ಉತ್ತರ ಬರೀತಾ ಕೂತಿದಾರೆ.”

“ನಾನು ಬರೆದದ್ದು ಆ ಮನೇಲಿ...”

“ಓದಿದಾರೆ. ಆದ್ರೂ ಕರ್ಕೊಂಡು ಬಾ ಅಂದಿದಾರೆ. ಬೈಸಿಕೊಳ್ಳೋಕೆ ಭಯ ಆದ್ರೆ ಬೇಡ ಬಿಡು.”

ಬಾಗಿಲು ತೆರೆದ ಹಿರಿಯರ ಹೆಂಡತಿಯ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿತ್ತು. ಗಂಡನನ್ನು ಒಬ್ಬರೇ ಎತ್ತಲು ಹೋಗಿ ಮಣಿಕಟ್ಟು ಮುರಿದುಕೊಂಡಿದ್ದರು. ಅವರು ಗಡಿಯಾರದವನ ಮುಖ ನೋಡಲಿಲ್ಲ. ಬೆರಳುಗಳನ್ನು ನೋಡಿದರು.

“ಈ ಕೈಯಲ್ಲೇ ಬರೆದಿದ್ದಾ?”

ಅವನು ಬೆರಳುಗಳನ್ನು ಅಂಗೈಯೊಳಗೆ ಮಡಚಿಕೊಂಡ.

“ಉಗುರು ಕತ್ತರಿಸಿಕೊಳ್ಳಿ,” ಎಂದು ಅವರು ನೇಲ್‌ಕಟರ್ ಮುಂದೆ ಹಿಡಿದರು. “ಅವರ ಚರ್ಮ ತೆಳ್ಳಗಾಗಿಬಿಟ್ಟಿದೆ.”

ಹೊಸ್ತಿಲಲ್ಲೇ ಕುಕ್ಕರಗಾಲಲ್ಲಿ ಕೂತು ಹತ್ತು ಬೆರಳಿನದನ್ನೂ ಕತ್ತರಿಸಿಕೊಂಡ.

ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು, ಬಿಸಿನೀರಿನ ಹಬೆ ತುಂಬಿತ್ತು. ಎತ್ತರದ ಭಾರೀ ಆಳಾದ ಹಿರಿಯರು ಕೊರಳಿನವರೆಗೆ ಹೊದಿಸಿದ ಬಿಳಿ ಹೊದಿಕೆಯಡಿ ಮಲಗಿದ್ದರು. ಸ್ನಾನದಕ್ಕ ನೀರಿಗೆ ಮೊಣಕೈ ಅದ್ದಿ ಹದ ನೋಡಿದಳು. ಮುಟ್ಟುವ ಮೊದಲು, “ಎಡಗೈ ತಗೋತೀನಿ ಅಪ್ಪಾಜಿ,” ಎಂದು ಹೇಳಿ ಎಡಗೈ ತೆಗೆದುಕೊಂಡಳು. ಒರೆಸಿ, ಒಣಗಿಸಿ, ಮುಚ್ಚಿ, ಆಮೇಲೆ ಬಲಗೈ. ತೆರೆದದ್ದನ್ನು ಮುಚ್ಚದೆ ಇನ್ನೊಂದನ್ನು ತೆರೆಯಬಾರದು. ಇಪ್ಪತ್ತು ವರ್ಷದಲ್ಲಿ ಅವಳು ಆ ಒಂದು ಕಟ್ಟಳೆ ಮುರಿದವಳಲ್ಲ.

ಅಣ್ಣನಿಗೆ ಅದು ಗೊತ್ತಿರಲಿಲ್ಲ. ಕೆಲಸ ಬೇಗ ಮುಗಿಯಲಿ ಎಂದು ಇಡೀ ಹೊದಿಕೆಯನ್ನೇ ಸರಕ್ಕನೆ ಎಳೆದುಬಿಟ್ಟ. ಹಿರಿಯರ ಸ್ವಾಧೀನವಿದ್ದ ಒಂದೇ ಕೈ ಹಾಸಿಗೆಯ ಮೇಲೆಲ್ಲ ಆ ಬಟ್ಟೆಗಾಗಿ ತಡಕಾಡಿತು. ತಂಗಿ ಅಣ್ಣನ ಕೈಗೆ ಪಟ್ಟೆಂದು ಹೊಡೆದಳು.

“ಎಲ್ಲ ಬಿಚ್ಚಿ ಹರಡಿಕೊಂಡು ಕೂರೋಕೆ ಇದೇನು ಗಡಿಯಾರಾನಾ?”

ಅವನು ಹೊದಿಕೆಯನ್ನು ತಾನೇ ಕೊರಳಿನವರೆಗೆ ಎಳೆದು, ಅಂಚನ್ನು ಆ ಕೈಗೆ ಕೊಟ್ಟ. ಕೈ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು.

ಹೊರಳಿಸುವಾಗ ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ. ಹಿರಿಯರ ಭಾರವೆಲ್ಲ ಅವನ ಎದೆಗೆ ಬಂತು. ಮೂರು ವರ್ಷ ಜಗಳವಾಡಿದ ಮನುಷ್ಯನ ಉಸಿರು ಅಂಗಿಯೊಳಗೆ ಬೆಚ್ಚಗೆ ತಾಗಿತು. ಬೆನ್ನಿನ ಕೆಳತುದಿಯಲ್ಲಿ ಅಂಗೈಯಗಲದ ಹುಣ್ಣು. ತಂಗಿ ಕೆಳಗೆ ಬೋಗುಣಿ ಹಿಡಿದು, ಚೊಂಬಿನಿಂದ ಸಣ್ಣ ಧಾರೆಯಾಗಿ ನೀರು ಬಿಟ್ಟಳು.

“ಯಾರು ಹಿಡ್ಕೊಂಡಿದಾರೆ ಗೊತ್ತಾ?” ಎಂದು ಹೆಂಡತಿ ಗಂಡನನ್ನು ಕೇಳಿದರು. “ನಿಮ್ಮ ಗಡಿಯಾರದವರು.”

ಸೊಟ್ಟಗಾದ ಬಾಯಿ ಬಹಳ ಹೊತ್ತು ಒದ್ದಾಡಿತು. “ನೀ... ರು... ಸಾ... ಲ್ದು.”

“ಏನಂದ್ರು?” ಎಂದ ಗಡಿಯಾರದವನು.

“ಇಷ್ಟು ನೀರು ಸಾಲದಂತೆ,” ಎಂದರು ಹೆಂಡತಿ. “ಪೂರ್ತಿ ಮುಳುಗಿಸಬೇಕಂತೆ.”

ಮೊದಲು ನಕ್ಕದ್ದು ಸ್ನಾನದಕ್ಕ. ಹಿರಿಯರ ಬೆನ್ನೂ ಅಲುಗಿತು. ನಗುತ್ತಿದ್ದಾರೆ ಎಂದು ಹಿಡಿದವನ ಕೈಗೆ ತಿಳಿಯಿತು.

“ಇನ್ನೊಂದು ಚೊಂಬು ಹಾಕಮ್ಮ,” ಎಂದ. ಆಮೇಲೆ ಹಿರಿಯರ ಕಿವಿಯ ಹತ್ತಿರ ಬಾಗಿ, “ನಾನು ಬರೆದದ್ದು ತಪ್ಪು,” ಎಂದ.

“ಬರೆದಿದ್ದು ಊರಿಗೆಲ್ಲ,” ಎಂದರು ಹೆಂಡತಿ. “ತಪ್ಪು ಅನ್ನೋದು ಮಾತ್ರ ಕಿವೀಲಾ?”

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಹೆಂಡತಿ ಎಡಗೈಯಿಂದ ತೆಗೆದು, ಸ್ಪೀಕರ್ ಒತ್ತಿ, ಅವನ ಮುಖದೆದುರು ಹಿಡಿದರು. ಅವನ ಸಭೆಯ ಕಾರ್ಯದರ್ಶಿ.

“ಅಂಗಡಿಗೆ ಬೀಗ ಇತ್ತು. ಪಕ್ಕದವರು ಹೇಳಿದ್ರು, ಆ ಮನೇಲಿದೀಯಂತೆ. ಒಳ್ಳೇದೇ ಆಯ್ತು ಕಣಯ್ಯಾ. ಸೇವೆ ಮಾಡ್ತಿರೋ ಹಾಗೆ ಒಂದು ಫೋಟೋ ತೆಗೆದು ಹಾಕು. ಅವರ ಸಭೆಯವರ ಬಾಯಿ ಒಂದೇ ಏಟಿಗೆ ಮುಚ್ಚಿಹೋಗುತ್ತೆ.”

“ಕೈ ಬಿಡೋ ಹಾಗಿಲ್ಲ. ಬಿಟ್ರೆ ಇವರು ಬೀಳ್ತಾರೆ.”

“ತಂಗಿ ಕೈಲಿ ತೆಗೆಸು. ಇಲ್ಲ, ಮುಗಿದ ಮೇಲೆ ತೆಗಿ. ಮುಖ ಚೆನ್ನಾಗಿ ಕಾಣ್ಬೇಕು.”

“ಮುಗಿದ ಮೇಲೆ ಗುಂಪಿಗೆ ಬೇರೆ ಬರೀತೀನಿ. ಆವತ್ತು ನಾನು ಹಾಕಿದ್ದು ತಪ್ಪು ಅಂತ.”

“ಹುಚ್ಚಾ ನಿನಗೆ? ಸಭೆ ಮಾನ ಹರಾಜು ಹಾಕ್ತೀಯಾ? ಅದನ್ನೆಲ್ಲ ಬರೀಬೇಡ. ಹೇಳಿದಷ್ಟು ಮಾಡು. ಫೋಟೋ ಹಾಕು.”

ಹಿರಿಯರ ಭುಜದಿಂದ ಹೊದಿಕೆ ಜಾರಿತ್ತು. ಗಡಿಯಾರದವನ ಎರಡು ಕೈಗೂ ಬಿಡುವಿರಲಿಲ್ಲ. ಅವನು ಬಾಗಿ, ಗದ್ದದಿಂದ ಅದನ್ನು ನೂಕಿ ಮೇಲಕ್ಕೆ ತಂದ. ಭುಜ ಮುಚ್ಚಿತು.

“ಫೋಟೋ ಹಾಕಲ್ಲ. ತಪ್ಪು ಅಂತ ಬರೀತೀನಿ,” ಎಂದ.