ಸಾಂತಾ ರುಫೀನಾದ ಆಸರೆಗೋಡೆ

ಹೆಣ್ಣುಮಕ್ಕಳ ಕೊಟ್ಟಡಿಯನ್ನು ಕಟ್ಟಿದವನು ಸೆವೆರೊ. ಕಟ್ಟುವಾಗಲೇ ಅದರಲ್ಲೊಂದು ಕಳ್ಳತನ ಇಟ್ಟಿದ್ದ. ಹಿಂಬದಿಯ ಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಒಂದು ಹಸಿ ಇಟ್ಟಿಗೆಗೆ ಮಣ್ಣು ಮೆತ್ತದೆ ಸುಮ್ಮನೆ ತುರುಕಿದ್ದ. ಎಳೆದರೆ ಬರುತ್ತಿತ್ತು.

ಸಾಂತಾ ರುಫೀನಾ ಏನು ಮಹಾ ಊರಲ್ಲ. ಪಾದ್ರಿಗಳ ದೊಡ್ಡ ಮಿಶನ್ನಿನಿಂದ ಎರಡು ದಿನದ ದಾರಿ, ಕ್ಯಾಲಿಫೋರ್ನಿಯಾದ ಒಣ ಬೆಟ್ಟಗಳ ನಡುವೆ ಒಂದು ಇಗರ್ಜಿ, ಒಂದು ಕಣಜ, ಒಬ್ಬ ಪಾದ್ರಿ, ನಾಲ್ವರು ಸ್ಪೇನಿನ ಸಿಪಾಯಿಗಳು. ಉಳಿದವರೆಲ್ಲ ಸೆವೆರೊನಂತೆ ಆ ಬೆಟ್ಟಗಳ ಮೂಲ ಜನ, ಜ್ಞಾನಸ್ನಾನ ಮಾಡಿಸಿ ದುಡಿಮೆಗೆ ಹಚ್ಚಿದವರು, ಬಿಟ್ಟು ಹೋಗುವಂತಿರಲಿಲ್ಲ. ಊರು ಚಿಕ್ಕದಾದರೂ ಕಟ್ಟಳೆಗೇನೂ ಕಡಿಮೆಯಿರಲಿಲ್ಲ. ಎಂಟು ದಾಟಿದ ಹುಡುಗಿಯರು, ಗಂಡ ಸತ್ತವರು, ಗಂಡ ಓಡಿಹೋದವರು, ಎಲ್ಲರನ್ನೂ ಕೊಟ್ಟಡಿಗೆ ಹಾಕಿ ಬೀಗ ಜಡಿಯುತ್ತಿದ್ದರು. ಹೆಣ್ಣಿನ ಮಾನ ಕಾಯಲಂತೆ. ಆ ಬೀಗವನ್ನು ಸಿಪಾಯಿಗಳ ಮನೆಗೇ ಹಾಕಬಹುದಿತ್ತಲ್ಲ ಎಂದು ಕೇಳುವ ಗಂಡಸು ಒಬ್ಬನೂ ಹುಟ್ಟಿರಲಿಲ್ಲ.

ಸೆವೆರೊನ ಮಗಳು ಒಲಾಯ ಹೋದ ವರ್ಷ ಒಳಗೆ ಹೋದಳು. ಈ ಚಳಿಗಾಲದಲ್ಲಿ ಜ್ವರ ಹಿಡಿಯಿತು. ಅಲ್ಲಿ ಕೊಡುವ ಬಾರ್ಲಿ ಅಂಬಲಿ ಕುಡಿದದ್ದೆಲ್ಲ ವಾಂತಿ. ಹೆಂಡತಿ ತೆಕ್ಲಾ ದಿನಾ ಸಂಜೆ ಓಕ್ ಕಾಯಿಯ ಹಿಟ್ಟಿನ ಗಂಜಿ ಮಾಡುತ್ತಿದ್ದಳು, ಸೆವೆರೊ ಇಟ್ಟಿಗೆ ಎಳೆಯುತ್ತಿದ್ದ, ಕಡ್ಡಿಯಂಥ ಕೈಯೊಂದು ಬಂದು ಸೋರೆಬುರುಡೆಯನ್ನು ಇಸಿದುಕೊಳ್ಳುತ್ತಿತ್ತು. ಹುಡುಗಿ ಜೀವ ಹಿಡಿದುಕೊಂಡಿದ್ದದ್ದು ಅದರಿಂದಲೇ.

ಆಮೇಲೆ ಒಂದು ಬೆಳಿಗ್ಗೆ ಭೂಮಿ ನಡುಗಿತು. ಇಗರ್ಜಿಗೆ ಏನೂ ಆಗಲಿಲ್ಲ. ಕೊಟ್ಟಡಿಯ ಗೋಡೆ ಮಾತ್ರ ಆ ಸಡಿಲ ಇಟ್ಟಿಗೆಯಿಂದಲೇ ಶುರುವಾಗಿ ಮೇಲಿನವರೆಗೆ ಬಿರುಕುಬಿಟ್ಟಿತು.

ಪಾದ್ರಿ ಬಂದು ಬಿರುಕಿನ ಬುಡಕ್ಕೆ ಹೆಬ್ಬೆರಳು ಒತ್ತಿದರು. "ಗೋಡೆ ಸೋತಿರೋದು ಇಲ್ಲೇ. ಹೊರಗಿನಿಂದ ಇಲ್ಲಿಗೇ ಆಸರೆಗೋಡೆ ಕೊಡು. ಕಲ್ಲು, ಸುಣ್ಣ, ನಾಲ್ಕು ಅಡಿ ದಪ್ಪ."

ಸೆವೆರೊ ತಲೆಯಾಡಿಸಿದ. ನಿಜ ಹೇಳಿದರೆ ಇಪ್ಪತ್ತೈದು ಛಡಿ ಏಟು, ಜೊತೆಗೆ ಇಟ್ಟಿಗೆಯೂ ಅವತ್ತೇ ಭದ್ರ. ಪಾದ್ರಿ ಅತ್ತ ಹೋದಮೇಲೆ ಹಸಿಂತೊ ನಕ್ಕ. ಇವನು ತೆಕ್ಲಾಳ ತಮ್ಮ. ತನ್ನ ಜನರನ್ನೇ ಹೊಡೆಯಲೆಂದು ಪಾದ್ರಿಯಿಂದ ಬೆತ್ತ ಪಡೆದ ಯಜಮಾನ.

"ಭಾವ, ನೀನೇ ಕೊರೆದ ತೂತು, ನೀನೇ ಮುಚ್ಚು. ನನಗೆಲ್ಲಾ ಗೊತ್ತು. ಬಾಯಿ ಬಿಟ್ಟಿಲ್ಲ, ಅದಕ್ಕೇ ನಿನ್ನ ಬೆನ್ನಲ್ಲಿ ಇನ್ನೂ ಚರ್ಮ ಇದೆ."

ಮನೆಗೆ ಬಂದು ಸೆವೆರೊ ಹೆಂಡತಿಗೆ ಮಾತು ಕೊಟ್ಟ. "ಕಲ್ಲಿನ ಮಧ್ಯೆ ಒಂದು ಸಂದು ಬಿಡ್ತೀನಿ. ಕೋಲಿಗೆ ಬುರುಡೆ ಕಟ್ಟಿ ತಳ್ಳಿದ್ರಾಯ್ತು. ಹೊರಗಿನ ಕಲ್ಲು ಸಡಿಲ ಇಟ್ರೆ ದೇವರಿಗೂ ಗೊತ್ತಾಗಲ್ಲ."

"ಆಣೆ?"

"ಮಗಳಾಣೆ."

ಮಾತಿನಂತೆ ಸಂದು ಬಿಟ್ಟೇ ಕಟ್ಟಿದ. ಐದು ದಿನ ಗಂಜಿಯೂ ಅದರೊಳಗಿಂದಲೇ ಹೋಯಿತು. ಆರನೆಯ ದಿನ ಪಾದ್ರಿ ತಾವೇ ತೂಗುಗುಂಡು ಇಳಿಬಿಟ್ಟು ನೋಡಿದರು. ಕೂದಲೆಳೆಯಷ್ಟೂ ವಾರೆಯಿರಲಿಲ್ಲ.

"ಭಲೇ ಮೇಸ್ತ್ರಿ!" ಎಂದರು. "ಈಸ್ಟರ್‌ಗೆ ದೊಡ್ಡ ಮಿಶನ್ನಿನವರು ಬರ್ತಾರೆ. ಅವರಿಗೆ ತೋರಿಸ್ತೀನಿ ಇದನ್ನ."

ಅಲ್ಲಿಯವರೆಗೆ ಅವನು ಬರೀ 'ಏ ಇವನೇ' ಆಗಿದ್ದ. ಮೇಸ್ತ್ರಿ ಎಂಬ ಆ ಒಂದು ಮಾತಿಗೆ ಮನುಷ್ಯ ಉಬ್ಬಿಹೋದ. ಪಾದ್ರಿ ಹೋದರು, ಅರ್ಧ ದಿನ ಸೆವೆರೊನನ್ನು ಕೇಳುವವರೇ ಇರಲಿಲ್ಲ. ಹೊರಗಿನ ಸಡಿಲ ಕಲ್ಲನ್ನು ಇದ್ದಂತೆಯೇ ಬಿಟ್ಟಿದ್ದರೆ ಸಾಕಿತ್ತು. ಆದರೆ ಕಲ್ಲು ಎಳೆದು ಸಂದಿನತ್ತ ನೋಡಿದರೆ ಅವನಿಗೆ ಅದು ಹುಳುಕಿನಂತೆ ಕಂಡಿತು. ಮಳೆನೀರು ಇಳಿದರೆ? ದೊಡ್ಡವರ ಮುಂದೆ ಕಲ್ಲು ಜಾರಿದರೆ? ಆಮೇಲೆ ಕೊರೆದರಾಯಿತು ಎಂದುಕೊಂಡು ಚಕ್ಕೆಕಲ್ಲು ತುಂಬಿ, ಗಾರೆ ಹಾಕಿ, ಕರಣೆಯಿಂದ ತಟ್ಟಿ ತಟ್ಟಿ ಮುಚ್ಚಿಬಿಟ್ಟ. ಹೇಳಲು ನಾಚಿಕೆಯಾಗುತ್ತದೆ, ಆ ಹೊತ್ತಿನಲ್ಲಿ ಅವನಿಗೆ ಮಗಳ ನೆನಪೇ ಆಗಲಿಲ್ಲ.

ಆ ಸಂಜೆ ಗಾರೆ ಒದ್ದೆಯಿದೆಯೆಂದು ಹೆಂಡತಿಯನ್ನು ತಡೆದ. ಮಾರನೆಯ ಸಂಜೆ ತೆಕ್ಲಾ ಬುರುಡೆ ಹಿಡಿದು ಬಂದಳು. ಒಂದೊಂದೇ ಕಲ್ಲನ್ನು ಸವರಿ ನೋಡಿದಳು.

"ಯಾವ ಕಲ್ಲು?"

ಸೆವೆರೊ ಕರಣೆಗೆ ಅಂಟಿದ ಗಾರೆ ಕೆರೆಯತೊಡಗಿದ.

"ಯಾವ ಕಲ್ಲು ಹೇಳೋ!"

"ನಾಳೆ ಕೊರೀತೀನಿ ಕಣೇ."

ಅವಳು ಉಗುರು ಹಾಕಿ ಕೆರೆದಳು. ಉಗುರು ಮುರಿಯಿತು. ಅವನೇ ಸುಟ್ಟ ಸುಣ್ಣ, ಅವನೇ ಹದ ಮಾಡಿದ ಗಾರೆ. ಒಂದೇ ದಿನಕ್ಕೆ ಹಿಡಿದುಕೊಂಡಿತ್ತು. ಉಳಿ ಹಿಡಿದು ಕುಟ್ಟಿದರೆ ಊರಿಗೆಲ್ಲ ಕೇಳುತ್ತದೆ. ಪಕ್ಕದ ಗೋಡೆಗೆ ಕಿವಿಯಿಟ್ಟರೆ ಒಳಗಿನಿಂದ ಟಕ್ ಟಕ್ ಎಂದು ಸಣ್ಣಗೆ ಬಡಿಯುವುದು ಕೇಳಿಸುತ್ತಿತ್ತು.

ತೆಕ್ಲಾ ಅಳಲಿಲ್ಲ, ಬೈಯಲೂ ಇಲ್ಲ. ಗುಡಿಸಲಿಗೆ ಬಂದು, ಸೊಂಟದವರೆಗಿದ್ದ ಕೂದಲನ್ನು ಕಿವಿಯ ಮಟ್ಟಕ್ಕೆ ಕೊಯ್ದುಕೊಂಡಳು. ಅವರಲ್ಲಿ ಅದು ಸಾವಿನ ಮನೆಯ ಪದ್ಧತಿ.

"ಹುಚ್ಚಿ! ಮಗು ಇನ್ನೂ ಬದುಕಿದೆ!" ಎಂದು ಸೆವೆರೊ ಕೂಗಿದ.

"ಗೊತ್ತು. ಇದು ಅವಳಿಗಲ್ಲ, ನಿನಗೆ." ಕೂದಲನ್ನು ಒಲೆಗೆ ಹಾಕಿದಳು. "ಗಂಡ ಓಡಿಹೋದವಳನ್ನ ಒಳಗೆ ಹಾಕ್ತಾರೆ. ನಾನು ಒಳಗೆ ಹೋಗ್ಬೇಕು. ನೀನು ಓಡು."

"ಕುದುರೆ ಮೇಲೆ ಅಟ್ಟಿಸ್ಕೊಂಡು ಬರ್ತಾರೆ ಕಣೇ. ಹಗ್ಗ ಬಿಗಿದು ಎಳ್ಕೊಂಡು ಬರ್ತಾರೆ."

"ಅದಕ್ಕೇ ಬೇಗ ಸಿಕ್ಕಬೇಡ. ನೀನು ಸಿಕ್ಕಿದ ದಿನವೇ ನನ್ನನ್ನ ಆಚೆಗೆ ತಳ್ತಾರೆ."

"ಎಷ್ಟು ದಿನ?"

"ಅವಳು ಏಳೋವರೆಗೆ. ಇಲ್ಲಾ ಸಾಯೋವರೆಗೆ. ಆಮೇಲೆ ಬೇಕಾದ್ರೆ ಸಿಕ್ಕು."

ಬೆಳಗಿನ ಘಂಟೆಗೆ ಸೆವೆರೊ ಇರಲಿಲ್ಲ. ಅವನು ಬೆಟ್ಟದ ಪೊದೆಯಲ್ಲಿ ಬಚ್ಚಿಟ್ಟುಕೊಂಡು ಕೆಳಗೆ ನೋಡುತ್ತಿದ್ದ. ಸಂಜೆಗೆ ಹಸಿಂತೊ ತನ್ನ ಅಕ್ಕನನ್ನೇ ಕೊಟ್ಟಡಿಗೆ ಎಳೆದು ತಂದ. ಎಳೆಯುವ ಕಷ್ಟವೇನೂ ಇರಲಿಲ್ಲ. ಹಿಟ್ಟಿನ ಚೀಲವನ್ನು ಕಂಬಳಿಯೊಳಗೆ ಅವಚಿಕೊಂಡು ಅವಳೇ ಮುಂದೆ ಮುಂದೆ ನಡೆಯುತ್ತಿದ್ದಳು. ಬಾಗಿಲು ಮುಚ್ಚಿತು. ನಾಲ್ಕು ಕುದುರೆಗಳು ಹೊರಟವು.

ಇಳಿಬಿಸಿಲು ಆಸರೆಗೋಡೆಯ ಮೇಲೆ ಬಿದ್ದಿತ್ತು. ಅಷ್ಟು ದೂರಕ್ಕೂ ಅದು ನೆಟ್ಟಗೆ, ಒಂದು ಕುಂದಿಲ್ಲದೆ ಕಾಣುತ್ತಿತ್ತು. ಸೆವೆರೊ ಅದನ್ನೇ ನೋಡುತ್ತ ನಿಂತ. ಕುದುರೆಗಳು ಬೆಟ್ಟದ ಕಡೆಗೆ ತಿರುಗಿದ ಮೇಲೆ ಓಡತೊಡಗಿದ.